ಪಟ್ಟಿಯಲ್ಲಿ ದಾಟಿಹೋದವರು

ನಾವೆಲ್ಲ ಅಕ್ಕ ಅನ್ನುವವರು ನಮ್ಮ ಆಫೀಸಿಗೆ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಕಂಪ್ಯೂಟರಿನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದೆ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಪಠ್ಯಪುಸ್ತಕ, ಟೆಲಿಫೋನ್ ಡೈರೆಕ್ಟರಿ, ರೈಲಿನ ವೇಳಾಪಟ್ಟಿ, ಹೀಗೆ ಊರಿನಲ್ಲಿ ಅಚ್ಚಾದದ್ದೆಲ್ಲ ಅವರ ಕೆಂಪು ಪೆನ್ನಿನ ಕೆಳಗೆ ಹಾದುಬಂದದ್ದೇ. ಮುದ್ರಣಾಲಯ ಬಾಗಿಲು ಹಾಕಿತು, ಯಂತ್ರಗಳು ಗುಜರಿಗೆ ಹೋದವು, ಅಕ್ಕ ಮನೆಯಲ್ಲಿ ಕೂತು ಔಷಧಿ ಡಬ್ಬಿಗಳ ಮೇಲಿನ ಬರಹ ತಿದ್ದತೊಡಗಿದರು.

ನಮ್ಮದು ಸೈಕಲ್ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿದ್ದ ಹನ್ನೊಂದು ಜನರ ಕಂಪನಿ. ಆಸ್ಪತ್ರೆಗಳಿಗೆ, ರಕ್ತಪರೀಕ್ಷೆಯ ಲ್ಯಾಬುಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ನಾವು ಬರೆದದ್ದನ್ನು ಬೇರೆಯವರಿಗೆ ಅರ್ಥವಾಗುವಂತೆ ವಿವರಿಸಿ ಬರೆಯುವವರು ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ, ನಾವು ಬರೆದದ್ದು ಮರುವಾರ ನಮಗೇ ಅರ್ಥವಾಗುತ್ತಿರಲಿಲ್ಲ. ಆ ಕೆಲಸಕ್ಕೆ ಜನ ಬೇಕೆಂದು ಯಜಮಾನರು ಹುಡುಕುತ್ತಿದ್ದಾಗ ಅಕ್ಕ ಬಂದರು. ಯಜಮಾನರು ನಮ್ಮದೊಂದು ಹಾಳೆ ಕೊಟ್ಟು, "ಇದನ್ನ ಸ್ವಲ್ಪ ನೋಡಿ" ಅಂದರು. ಹತ್ತು ನಿಮಿಷಕ್ಕೆ ಹಾಳೆ ವಾಪಸು ಬಂತು.

"ಇದರಲ್ಲಿ ಹದಿನಾಲ್ಕು ತಪ್ಪಿದೆ," ಅಂದರು ಅಕ್ಕ. "ಹದಿಮೂರು ಅಕ್ಷರದ್ದು. ಹದಿನಾಲ್ಕನೇದು, ಬರೆದವರಿಗೇ ವಿಷಯ ಗೊತ್ತಿಲ್ಲ."

ಆ ಹಾಳೆ ಬರೆದವಳು ನಾನು. ಎಡಗೈಯಲ್ಲಿ ಬರೆಯುತ್ತೇನೆಂದು ಆಫೀಸಿನಲ್ಲಿ ನನ್ನನ್ನು ಎಡಚಿ ಅಂತಲೇ ಕರೆಯುವುದು. ಅಕ್ಕನಿಗೆ ಅದೇ ದಿನ ಕೆಲಸವಾಯಿತು, ಕುರ್ಚಿ ನನ್ನ ಪಕ್ಕಕ್ಕೇ ಬಿತ್ತು.

ಅವರಿಗೊಂದು ಅಭ್ಯಾಸವಿತ್ತು. ಏನನ್ನೇ ವಿವರಿಸಿದರೂ ತಲೆಯಾಡಿಸಿ ಬಿಡುತ್ತಿರಲಿಲ್ಲ. ಚೀಟಿಗಳನ್ನು ಹರಿದು, ಮೇಜಿನ ಮೇಲೆ ಜೋಡಿಸಿ, ಕಂಪ್ಯೂಟರ್ ಮಾಡುವುದನ್ನೆಲ್ಲ ತಾವೇ ಕೈಯಲ್ಲಿ ಮಾಡಿ ನೋಡಬೇಕು. ನಾವು ಮೊದಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಸಂಜೆ ಐದೂವರೆಗೆ ಅವರ ಗಂಡ ಸ್ಕೂಟರ್ ತಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಅವರು ಬಸ್ ಡ್ರೈವರಾಗಿ ನಿವೃತ್ತರಾದವರು. ಅಕ್ಕನ ಗಂಡ ಅಂದಮೇಲೆ ನಮಗೆಲ್ಲ ಭಾವ. "ಏನಮ್ಮಾ ಎಡಚಿ, ನಮ್ಮ ಮನೆಯವಳು ಇವತ್ತು ಎಷ್ಟು ಜನರ ಮಾನ ಕಳೆದಳು?" ಎಂದು ಕೆಳಗಿನಿಂದಲೇ ಕೂಗುತ್ತಿದ್ದರು. ಇತ್ತೀಚೆಗೆ ಅವರ ಕಾಲು ಊದಿಕೊಳ್ಳುತ್ತಿತ್ತು. ಮೂವತ್ತು ವರ್ಷ ಬ್ರೇಕ್ ತುಳಿದ ಕಾಲು, ಈಗ ತನ್ನ ಬಾಕಿ ವಸೂಲಿ ಮಾಡ್ತಿದೆ ಅನ್ನುತ್ತಿದ್ದರು.

ಆ ವರ್ಷ ನಮ್ಮ ಹಿರಿಯ ಪ್ರೋಗ್ರಾಮರ್ ಒಂದು ದೊಡ್ಡ ಕೆಲಸ ಕೈಗೆತ್ತಿಕೊಂಡರು. ಅವರಿಗೆ ಎದೆಯವರೆಗೆ ಗಡ್ಡ, ಹಾಗಾಗಿ ಗಡ್ಡದವರು. ನಾವು ಬರೆಯುತ್ತಿದ್ದದ್ದು ಸಿ ಭಾಷೆಯಲ್ಲಿ. ಸಿ ಹಳೆಯ, ಮುಲಾಜಿಲ್ಲದ ಭಾಷೆ. ಹೇಳಿದ್ದನ್ನು ಮಾಡುತ್ತದೆ. ಹೇಳಿದ್ದು ತಪ್ಪಾದರೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ನಮ್ಮ ಪ್ರೋಗ್ರಾಮುಗಳಲ್ಲಿ ಮಾಹಿತಿಯನ್ನು ಒಂದೊಂದು ಕಡೆ ಒಂದೊಂದು ರೀತಿ ಇಟ್ಟಿದ್ದೆವು. ಒಂದು ಕಡೆ ಸಾಲಾಗಿ, ಒಂದು ಕಡೆ ಮರದ ಕೊಂಬೆಗಳ ಹಾಗೆ, ಇನ್ನೊಂದು ಕಡೆ ಗೂಡುಗಳಲ್ಲಿ. ಒಂದೊಂದನ್ನೂ ಓದುವ ದಾರಿ ಬೇರೆ. ಎಲ್ಲಕ್ಕೂ ಒಂದೇ ದಾರಿ ಇರಲಿ ಎಂದು ಗಡ್ಡದವರು ಯೋಚಿಸಿದರು. ಶುರು ಮಾಡು, ಇನ್ನೊಂದು ಇದೆಯೇ ನೋಡು, ಇದ್ದರೆ ಕೊಡು, ಕೊನೆಗೆ ಮುಗಿಸು. ಈ ನಾಲ್ಕೇ ಮಾತು, ಒಳಗೆ ಏನೇ ಇದ್ದರೂ. ಇದಕ್ಕೆ ಇಟರೇಟರ್ ಅನ್ನುತ್ತೇವೆ. ಇನ್ನೊಂದು ಕಂಪನಿಯೂ ಇದನ್ನು ಬಳಸಲು ಕೇಳಿತ್ತು. ಆದ್ದರಿಂದ ಅಕ್ಕ ಇದರ ಕೈಪಿಡಿ ಬರೆಯಬೇಕಾಯಿತು.

ನಾನು ವಿವರಿಸಿದೆ. ಅಕ್ಕ ಕೇಳಿಸಿಕೊಂಡು, "ಅಂದ್ರೆ ಕರಡು ಓದುವಾಗ ಸಾಲಿನ ಮೇಲೆ ಬೆರಳು ಇಟ್ಕೋತೀವಲ್ಲ, ಆ ಬೆರಳು," ಅಂದರು.

"ಹೂಂ ಅಕ್ಕ, ಅದೇ."

"ಬೆರಳಿಗೆ ತಾನು ಏನು ತೋರಿಸ್ತಿದೀನಿ ಅಂತ ಗೊತ್ತಾ?"

"ಇಲ್ಲ. ಯಾವ ಥರದ ವಸ್ತು ಆದ್ರೂ ಇರಬಹುದು. ಅದು ಮೆಮೊರಿಯಲ್ಲಿ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಕೊಡುತ್ತೆ. ಒಳಗೇನಿದೆ ಅಂತ ಕೇಳಿದವರಿಗೇ ಗೊತ್ತಿರಬೇಕು."

"ಹಾಗಾದ್ರೆ ಕೆಲಸ ಆದ ಮೇಲೆ ಅದನ್ನ ಬಿಸಾಕೋದು ಯಾರು? ಕೊಟ್ಟವರಾ, ಇಸ್ಕೊಂಡವರಾ?"

ಅದಕ್ಕೆ ಉತ್ತರ ಹುಡುಕಲು ನನಗೂ ಗಡ್ಡದವರಿಗೂ ಅರ್ಧ ದಿನ ಹಿಡಿಯಿತು.

ಮರುದಿನ ಅಕ್ಕ, "ಪಟ್ಟಿ ಖಾಲಿ ಇದ್ರೆ?" ಅಂದರು.

"ಖಾಲಿ ಪಟ್ಟಿ ಯಾರು ಓದ್ತಾರೆ ಅಕ್ಕ?" ಎಂದು ಗಡ್ಡದವರು ನಕ್ಕರು.

"ನಾನು ಓದ್ತೀನಿ. ಓದಿಸಿ ನೋಡೋಣ."

ಓದಿಸಿದರು. ಪ್ರೋಗ್ರಾಂ ಅಲ್ಲೇ ಕುಸಿದು ಬಿತ್ತು. ಆಫೀಸೆಲ್ಲ ಹೋ ಎಂದು ನಕ್ಕಿತು. ಗಡ್ಡದವರು ಗಡ್ಡ ನೀವಿಕೊಂಡು ಸರಿಪಡಿಸಲು ಕೂತರು. ಅಕ್ಕನ ಪ್ರಶ್ನೆಗಳನ್ನು ನಾವು ತಮಾಷೆ ಎಂದುಕೊಂಡಿದ್ದ ಕೊನೆಯ ದಿನ ಅದು.

ಮಂಗಳವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅಕ್ಕನ ಮೇಜಿನ ಮೇಲೆ ಐದು ಚೀಟಿ ಒಂದರ ಕೆಳಗೊಂದು ಕೂತಿದ್ದವು. ಒಂದರಿಂದ ಐದರವರೆಗೆ ಅಂಕಿ ಬರೆದಿದ್ದರು.

"ಎಡಚಿ, ಇಲ್ಲಿ ನೋಡೇ. ಬೆರಳು ಎರಡನೇ ಚೀಟಿ ಮೇಲಿದೆ. ಎರಡನೇದನ್ನ ಪಟ್ಟಿಯಿಂದ ತೆಗೆದುಹಾಕು ಅಂತೀನಿ. ತೆಗೆದೆ. ನಿಮ್ಮ ಸಾಲಿನ ಪಟ್ಟೀಲಿ ಮಧ್ಯ ಖಾಲಿ ಬಿಡಲ್ಲ, ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬರುತ್ತವೆ ಅಂತ ನೀನೇ ಅಂದಿದ್ದೆ ಅಲ್ವಾ?"

"ಹೂಂ."

ಅಕ್ಕ ಚೀಟಿಗಳನ್ನು ಮೇಲೆ ಸರಿಸಿದರು. ಮೂರು ಎರಡರ ಜಾಗಕ್ಕೆ ಬಂತು.

"ಈಗ ಬೆರಳಿಗೆ ಮುಂದಿನ ಜಾಗಕ್ಕೆ ಹೋಗು ಅಂತೀನಿ." ಬೆರಳು ಒಂದು ಜಾಗ ಇಳಿಯಿತು. ನಾಲ್ಕನೆಯ ಚೀಟಿಯ ಮೇಲೆ ನಿಂತಿತು. "ಮೂರನೇದನ್ನ ಯಾರು ಓದಿದರು?"

ನಾನು ಚೀಟಿಗಳನ್ನು ಮತ್ತೆ ಮೊದಲಿನಿಂದ ಜೋಡಿಸಿ ನೋಡಿದೆ.

ಗಡ್ಡದವರು ಕಾಫಿ ಲೋಟ ಹಿಡಿದು ಬಂದು ನಿಂತಿದ್ದರು. "ಓದ್ತಾ ಇರುವಾಗ ತೆಗೀಬಾರದು ಅಕ್ಕ. ಅದು ಎಲ್ಲರಿಗೂ ಗೊತ್ತಿರೋದೇ."

"ಎಲ್ಲರಿಗೂ ಅಂದ್ರೆ ಯಾರಿಗೆ? ಎಲ್ಲಿ ಬರೆದಿದೆ?"

"ಬರೆದಿಲ್ಲ. ಆದ್ರೆ..."

"ಹಳೇ ಪಟ್ಟಿಗೂ ಇದೇ ಕಥೆನಾ? ಈಗ ಊರಲ್ಲಿ ಓಡ್ತಾ ಇರೋದಕ್ಕೂ?"

"ಹಳೇದಕ್ಕೂ ಇದೇ," ಅಂದರು ಗಡ್ಡದವರು.

ಎರಡೂವರೆ ವರ್ಷದ ಹಿಂದೆ ಊರಿನ ದೊಡ್ಡ ಆಸ್ಪತ್ರೆಗೆ ನಾನೊಂದು ಪ್ರೋಗ್ರಾಂ ಬರೆದಿದ್ದೆ. ದಿನದ ರಕ್ತಪರೀಕ್ಷೆಯ ವರದಿಗಳು ಒಂದು ಪಟ್ಟಿಯಲ್ಲಿರುತ್ತವೆ. ಪ್ರೋಗ್ರಾಂ ಒಂದೊಂದನ್ನೇ ಓದುತ್ತದೆ. ವರದಿ ಕೆಟ್ಟದ್ದಾಗಿದ್ದು ರೋಗಿಯನ್ನು ಮತ್ತೆ ಕರೆಸಬೇಕಾಗಿದ್ದರೆ ಅವರನ್ನು ಆ ಪಟ್ಟಿಯಿಂದ ತೆಗೆದು, ಕಾಗದ ಕಳಿಸುವ ಪಟ್ಟಿಗೆ ಹಾಕುತ್ತದೆ. ಕೊನೆಯಲ್ಲಿ ಉಳಿದವರೆಲ್ಲ ಆರೋಗ್ಯವಾಗಿದ್ದಾರೆ ಎಂದು ಹಳೆಯ ದಾಖಲೆಗೆ ಸೇರಿಸುತ್ತದೆ. ಓದುತ್ತಲೇ ತೆಗೆಯುವುದು. ನಾನು ಮಾಡಿದ್ದು ಅದನ್ನೇ.

"ಅಕ್ಕ," ಅಂದೆ. "ಆಸ್ಪತ್ರೆಯ ಪ್ರೋಗ್ರಾಮಲ್ಲಿ ನಾನು ಹಾಗೇ ಬರೆದಿದೀನಿ."

ಗಡ್ಡದವರು ಲೋಟ ಕೆಳಗಿಟ್ಟರು. ಪರೀಕ್ಷೆಗೆಂದು ಹತ್ತು ಸುಳ್ಳು ವರದಿಗಳನ್ನು ಹಾಕಿದೆವು, ಅದರಲ್ಲಿ ಪಕ್ಕಪಕ್ಕದ ಎರಡು ಕೆಟ್ಟವು. ಮೊದಲನೆಯದಕ್ಕೆ ಕಾಗದ ಬಂತು. ಎರಡನೆಯದು ಆರೋಗ್ಯವಂತರ ಜೊತೆ ಹೋಯಿತು. ಮತ್ತೆ ಮಾಡಿದೆವು. ಮತ್ತೆ ಹೋಯಿತು. ಮೂರನೆಯ ಸಲ ಮಾಡುವುದು ಬೇಡ ಎಂದು ಯಜಮಾನರೇ ಹೇಳಿದರು. ಅವರು ಯಾವಾಗ ಬಂದು ಹಿಂದೆ ನಿಂತರೋ ನನಗೆ ಗೊತ್ತಾಗಿರಲಿಲ್ಲ.

ಆಗ ನಾನು ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. ನೂರು ಸಲ ಮಾಡಿದ್ದೆ. ಆದರೆ ಪ್ರತಿ ಸಲವೂ ಕೆಟ್ಟ ವರದಿ ಒಂದೇ ಇಟ್ಟಿದ್ದೆ. ಕಷ್ಟ ಅಕ್ಕಪಕ್ಕದಲ್ಲೇ ಕೂತು ಬರಬಹುದು ಎಂದು ಹೊಳೆದಿರಲಿಲ್ಲ.

ಯಜಮಾನರು ಒಳಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದರು. ಮುಚ್ಚಿಡುವ ಮಾತೇ ಎತ್ತಲಿಲ್ಲ. ಅದಕ್ಕೆ ಅವರನ್ನು ಇವತ್ತಿಗೂ ನೆನೆಯುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯವರು ಹಳೆಯ ದಾಖಲೆ ಕಳಿಸಿದರು. ಕೆಟ್ಟ ವರದಿ ಇದ್ದೂ ಆರೋಗ್ಯವಂತರ ಸಾಲಿಗೆ ಸೇರಿದವರು ಎಷ್ಟು ಜನ ಎಂದು ಹುಡುಕಿದೆವು. ಏಳೆಂಟು ಇರಬಹುದೆಂದು ನಾನು ಮನಸ್ಸಿನಲ್ಲೇ ಎಣಿಸಿದ್ದೆ. ಇನ್ನೂರ ಹದಿನೇಳು ಬಂತು.

ಯಾರೂ ಬೈಯಲಿಲ್ಲ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ.

ಅದೇ ದಿನ ಎಲ್ಲರ ಮನೆಗೂ ಆಸ್ಪತ್ರೆಯವರ ಕೈಯಲ್ಲೇ ತುರ್ತು ಕಾಗದ ಹೋಗಬೇಕಿತ್ತು. ಹೆಸರುಗಳು ಆಸ್ಪತ್ರೆಯವರ ಹತ್ತಿರವೇ ಇದ್ದವು. ನಮಗೆ ಕಳಿಸಿದ್ದರಲ್ಲಿ ವಯಸ್ಸು, ವಿಳಾಸ, ಪರೀಕ್ಷೆಯ ದಿನಾಂಕ ಮಾತ್ರ. ಇಷ್ಟಾದ ಮೇಲೆ ಒಂದು ಮನೆ ನಂಬರೂ ತಪ್ಪಬಾರದೆಂದು ಅಕ್ಕ ಅಚ್ಚಾದ ಹಾಳೆ ಹಿಡಿದು ಗಟ್ಟಿಯಾಗಿ ಓದಿದರು. ನಾನು ಪರದೆಯ ಮೇಲೆ ತಾಳೆ ನೋಡಿ ಗುರುತು ಹಾಕಿದೆ. ಮುದ್ರಣಾಲಯದ ಧ್ವನಿ ಅವರದು. ಏರಿಳಿತವಿಲ್ಲದೆ, ಒಂದೊಂದು ಅಂಕಿಯನ್ನೂ ಬಿಡಿಸಿ ಓದುತ್ತಾರೆ. ನೂರು ದಾಟಿತು. ನೂರ ನಲವತ್ತು ದಾಟಿತು.

"ನೂರ ನಲವತ್ತಾರು. ಅರವತ್ತು ವರ್ಷ, ಗಂಡಸು. ಮನೆ ನಂಬರ್ ಇಪ್ಪತ್ತೆಂಟು, ನೀರಿನ ಟ್ಯಾಂಕಿನ ಹಿಂದೆ, ಎರಡನೇ ಅಡ್ಡರಸ್ತೆ."

ಗುರುತು ಹಾಕಿ ಮುಂದಿನದಕ್ಕೆ ಕಾದೆ. ಬರಲಿಲ್ಲ.

ಅಕ್ಕ ಅದೇ ಸಾಲನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಅನುಮಾನ ಬಂದರೆ ಕರಡು ತಿದ್ದುವವರು ಹಾಗೆ ಮಾಡುತ್ತಾರೆ. ಧ್ವನಿಯಲ್ಲಿ ವ್ಯತ್ಯಾಸವಿರಲಿಲ್ಲ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದು ನಮ್ಮನೆ," ಅಂದರು.

ನನಗೆ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವಾಗಿತ್ತು. "ನಿಮ್ಮನೆ ಥರದ್ದೇ ಇನ್ನೊಂದು ಇರಬಹುದು ಅಕ್ಕ..."

"ನೀರಿನ ಟ್ಯಾಂಕಿನ ಹಿಂದೆ ಎರಡನೇ ಅಡ್ಡರಸ್ತೆ ಎಷ್ಟಿದೆ?"

ಹದಿನಾಲ್ಕು ತಿಂಗಳ ಹಿಂದಿನ ದಿನಾಂಕ. ನಿವೃತ್ತಿಯಾದಾಗ ಮಾಡುವ ಆರೋಗ್ಯ ತಪಾಸಣೆಗೆ ಭಾವ ರಕ್ತ ಕೊಟ್ಟಿದ್ದರು. ತೊಂದರೆ ಇದ್ದರೆ ಎರಡು ವಾರದಲ್ಲಿ ಕಾಗದ ಬರುತ್ತದೆ ಎಂದಿದ್ದರಂತೆ. ಬರಲಿಲ್ಲ. "ನೋಡು, ಡಾಕ್ಟರಿಗೂ ನನ್ನ ಮುಖ ನೋಡೋ ಆಸೆ ಇಲ್ಲ" ಎಂದು ಆಗ ಗೇಟಿನ ಹತ್ತಿರ ನಮಗೆಲ್ಲ ಹೇಳಿ ನಕ್ಕಿದ್ದರು. ನಾನೂ ನಕ್ಕಿದ್ದೆ. ಆ ದಿನದ ಪಟ್ಟಿ ತೆಗೆದು ನೋಡಿದೆ. ಅವರ ಮೇಲಿನ ಸಾಲಿನಲ್ಲಿ ನಲವತ್ತನಾಲ್ಕು ವರ್ಷದ ಒಬ್ಬ ಹೆಂಗಸು. ಆಕೆಗೆ ಕಾಗದ ಹೋಗಿತ್ತು.

ಅಕ್ಕ ಮನೆಗೆ ಫೋನ್ ಹಚ್ಚಿದರು. ನಲ್ಲಿ ರಿಪೇರಿ ಮಾಡುತ್ತಿದ್ದರೇನೋ, ಬಡಿಯುವ ಸದ್ದಿನ ಮಧ್ಯೆ ಗಟ್ಟಿಯಾಗಿ ಮಾತಾಡುತ್ತಿದ್ದ ಭಾವನ ಧ್ವನಿ ನನಗೂ ಕೇಳುತ್ತಿತ್ತು.

"ಅಂಗಿ ಹಾಕ್ಕೊಂಡು ಇಲ್ಲಿಗೆ ಬನ್ನಿ. ಆಸ್ಪತ್ರೆಗೆ ಹೋಗ್ಬೇಕು."

"ಯಾರಿಗೇನಾಯ್ತು?"

"ಬನ್ನಿ. ಸ್ಕೂಟರ್ ಬೇಡ, ಆಟೋದಲ್ಲಿ ಬನ್ನಿ."

ಫೋನ್ ಇಟ್ಟು ಕನ್ನಡಕ ಹಾಕಿಕೊಂಡರು. "ಅವರು ಬರೋಕೆ ಇಪ್ಪತ್ತು ನಿಮಿಷ ಬೇಕು. ನೂರ ನಲವತ್ತೇಳು. ಮೂವತ್ತೆಂಟು ವರ್ಷ, ಹೆಂಗಸು..."

"ಅಕ್ಕ, ಬೇಡ. ಬೇರೆ ಯಾರಾದ್ರೂ ಓದ್ಲಿ."

"ಮನೆ ನಂಬರ್ ಒಂಬತ್ತು. ನೋಡ್ತಾ ಇದೀಯೋ ಇಲ್ವೋ?"

ನೋಡುತ್ತಿದ್ದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಆದರೂ ಒರೆಸಿಕೊಂಡು ಒರೆಸಿಕೊಂಡು ನೋಡಿದೆ. ನೂರ ಎಂಬತ್ತೊಂದಕ್ಕೆ ಬಂದಾಗ ಕೆಳಗೆ ಆಟೋ ನಿಂತ ಸದ್ದಾಯಿತು. ಅಕ್ಕ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಹಾಳೆಯನ್ನು ಗಡ್ಡದವರ ಕೈಗೆ ಕೊಟ್ಟು ಇಳಿದುಹೋದರು. ಕಿಟಕಿಯಿಂದ ನೋಡಿದೆ. ಭಾವ ಎಂದಿನಂತೆ ಏನೋ ತಮಾಷೆಯಾಗಿ ಹೇಳಿದರು. ಅಕ್ಕ ಎರಡು ಮಾತಾಡಿದರು. ಭಾವ ಆಟೋದ ಕಂಬಿ ಹಿಡಿದುಕೊಂಡು, ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದರು. ನಾನು ಗೋಡೆಯ ಹಿಂದೆ ಸರಿದೆ.

ಭಾವನ ಎರಡೂ ಕಿಡ್ನಿ ಸೇರಿ ನೂರಕ್ಕೆ ಹನ್ನೊಂದು ಪಾಲು ಮಾತ್ರ ಕೆಲಸ ಮಾಡುತ್ತಿದ್ದವು. ಹದಿನಾಲ್ಕು ತಿಂಗಳ ಹಿಂದಿನ ವರದಿಯಲ್ಲಿ ನಲವತ್ತರ ಹತ್ತಿರ ಇತ್ತು, ಆಗಲೇ ಬಂದಿದ್ದರೆ ಮಾತ್ರೆ, ಪಥ್ಯದಲ್ಲಿ ಎಷ್ಟೋ ವರ್ಷ ದೂಡಬಹುದಿತ್ತು ಎಂದು ಡಾಕ್ಟರ್ ಹೇಳಿದರಂತೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು.

ಮೂರು ದಿನ ಅನ್ನ ನೀರು ಸೇರದೆ ತಿರುಗಿದೆ. ರಾಜೀನಾಮೆ ಬರೆದು ಯಜಮಾನರ ಮೇಜಿನ ಮೇಲಿಟ್ಟೆ. "ಇದನ್ನ ಓಡಿಹೋಗೋದು ಅಂತಾರೆ," ಎಂದು ಅವರು ವಾಪಸು ಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ಮನೆಯ ಬಾಗಿಲು ತಟ್ಟಿದೆ. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ಮಾತುಗಳೆಲ್ಲ ಬಾಗಿಲು ತೆರೆದ ಕೂಡಲೇ ಆವಿಯಾದವು.

"ನನಗೆ ಗೊತ್ತಿರಲಿಲ್ಲ ಅಕ್ಕ," ಅಂದೆ.

"ನಿನ್ನ ಮುಖ ನೋಡಿದ್ರೆ ಸಿಟ್ಟು ಬರುತ್ತೆ ಕಣೇ," ಅಂದರು ಅಕ್ಕ. ಹೊಸ್ತಿಲ ಆಚೆ ಅವರು, ಈಚೆ ನಾನು. "ನಿನ್ನ ಪಕ್ಕದಲ್ಲೇ ಕೂತು, ನಿನ್ನ ಡಬ್ಬಿಯಿಂದ ತಿಂದು... ಬೆಳಗ್ಗೆ ಏಳ್ತಾನೇ ಸಿಟ್ಟು ಬರುತ್ತೆ. ಗಡ್ಡದವರ ಮೇಲೂ ಬರುತ್ತೆ. ಹದಿನಾಲ್ಕು ತಿಂಗಳು ಆ ಊದಿದ ಕಾಲನ್ನ ನೋಡ್ತಾನೇ ಸುಮ್ಮನಿದ್ದೆನಲ್ಲ, ನನ್ನ ಮೇಲೂ ಬರುತ್ತೆ."

ನಾನು ಹೊರಡಲು ತಿರುಗಿದೆ.

"ಬರ್ಲಿ ಬಿಡು, ಬರದೆ ಇರುತ್ತಾ? ಚಪ್ಪಲಿ ಬಿಟ್ಟು ಒಳಗೆ ಬಾ. ಎಷ್ಟು ಜನ ಸಿಕ್ಕಿದರು ಹೇಳು."

ಒಳಗೆ ಭಾವ ಮಂಚದ ಮೇಲೆ ಮಲಗಿದ್ದರು. ನಾನು ಲೆಕ್ಕ ಹೇಳಿದೆ. ಇನ್ನೂರ ಹದಿನೇಳರಲ್ಲಿ ನೂರ ಅರವತ್ತು ಜನ ಆಸ್ಪತ್ರೆಗೆ ಬಂದಿದ್ದರು. ಅವರಲ್ಲಿ ಬಹಳಷ್ಟು ಜನ ಬೇರೆ ಕಾರಣಕ್ಕೆ ಡಾಕ್ಟರನ್ನು ಕಂಡು, ಆಗಲೇ ಔಷಧಿ ಶುರು ಮಾಡಿದ್ದರು. ನಲವತ್ತೆಂಟು ಜನರನ್ನು ಇನ್ನೂ ಹುಡುಕುತ್ತಿದ್ದರು. ಒಂಬತ್ತು ಮನೆಗಳಲ್ಲಿ ಕಾಗದ ಇಸಿದುಕೊಂಡವರು, ಅದರಲ್ಲಿ ಹೆಸರಿದ್ದವರು ತೀರಿಕೊಂಡರು ಎಂದಿದ್ದರು. ಅವರಲ್ಲಿ ಯಾರು ಈ ಕಾರಣಕ್ಕೆ, ಯಾರು ಬೇರೆ ಕಾರಣಕ್ಕೆ ಹೋದರು ಎಂದು ಡಾಕ್ಟರುಗಳೂ ಹೇಳಲಾರರು. ಒಂಬತ್ತು ಅಂದಾಗ ಅಕ್ಕ ಗೋಡೆಗೆ ಒರಗಿದರು. ಆ ದಿನ ಮೊದಲ ಸಲ ಅವರು ಅತ್ತದ್ದನ್ನು ನೋಡಿದೆ.

ಹನ್ನೊಂದು ದಿನದ ಮೇಲೆ ಅಕ್ಕ ಆಫೀಸಿಗೆ ಬಂದರು. ಅಷ್ಟರಲ್ಲಿ ಗಡ್ಡದವರು ಇಟರೇಟರನ್ನೇ ಬದಲಾಯಿಸಿದ್ದರು. ಪಟ್ಟಿ ಎಷ್ಟು ಸಲ ಬದಲಾಗಿದೆ ಎಂಬ ಎಣಿಕೆಯನ್ನು ಪಟ್ಟಿಯೇ ಇಟ್ಟುಕೊಳ್ಳುತ್ತದೆ. ಓದಲು ಶುರು ಮಾಡುವಾಗ ಇಟರೇಟರ್ ಅದನ್ನು ಗುರುತು ಮಾಡಿಕೊಳ್ಳುತ್ತದೆ. ಮಧ್ಯೆ ಎಣಿಕೆ ಬದಲಾದರೆ ಅಲ್ಲೇ ನಿಂತು ಕಿರುಚುತ್ತದೆ. ಓದುತ್ತಲೇ ತೆಗೆಯಬೇಕಾದವರಿಗೆ ಐದನೆಯ ಮಾತೊಂದನ್ನು ಸೇರಿಸಿದ್ದರು. ಅದರ ಮೂಲಕ ತೆಗೆದರೆ ಬೆರಳು ಜಾಗ ಬಿಟ್ಟು ಸರಿಯುವುದಿಲ್ಲ. ಕೈಪಿಡಿಗೂ ತಾವೇ ಒಂದು ವಾಕ್ಯ ಬರೆದಿಟ್ಟಿದ್ದರು: "ಓದುತ್ತಿರುವಾಗ ಪಟ್ಟಿಯಿಂದ ನೇರವಾಗಿ ತೆಗೆಯುವುದು ಸೂಕ್ತವಲ್ಲ."

ಅಕ್ಕ ಕೆಂಪು ಪೆನ್ನು ತೆಗೆದರು. "ಸೂಕ್ತ ಅಲ್ಲ ಅಂದ್ರೇನು? ಎಲ್ಲರೆದುರು ಆಕಳಿಸೋದೂ ಸೂಕ್ತ ಅಲ್ಲ. ಏನಾಗುತ್ತೆ ಅಂತ ಬರೀರಿ."

ಗಡ್ಡದವರು ಎರಡು ವಾಕ್ಯ ಬರೆದು ಹೊಡೆದುಹಾಕಿದರು. ಕೊನೆಗೆ ಅಕ್ಕನೇ ಬರೆದರು. "ಓದುತ್ತಿರುವಾಗ ಪಟ್ಟಿಯಿಂದ ನೇರವಾಗಿ ಏನನ್ನೂ ತೆಗೆಯಬೇಡಿ. ಹಳೆಯ ಆವೃತ್ತಿಯಲ್ಲಿ ಹೀಗೆ ತೆಗೆದರೆ ಅದರ ಮುಂದಿನದು ಓದದೆ ದಾಟಿಹೋಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಪ್ರೋಗ್ರಾಂ ಸರಿಯಾಗಿ ಮುಗಿದಂತೆಯೇ ಕಾಣುತ್ತದೆ." ನಲವತ್ತೊಂದು ಪುಟದ ಕೈಪಿಡಿಯಲ್ಲಿ ಅದು ಮೊದಲನೆಯ ಪುಟದಲ್ಲೇ ಇರಬೇಕೆಂದು ಹಟ ಹಿಡಿದರು. ಅಲ್ಲೇ ಇದೆ.

ಗಡ್ಡದವರು ವರ್ಷ ಕಳೆದ ಮೇಲೆ ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ಅಕ್ಕ ಇನ್ನೂ ಇದ್ದಾರೆ. ನಾನು ಬರೆದದ್ದು ಅವರ ಕಣ್ಣು ದಾಟದೆ ಹೊರಗೆ ಹೋಗುವುದಿಲ್ಲ. ಕೆಲವು ದಿನ ನನ್ನ ಜೊತೆ ಮಾತಾಡುತ್ತಾರೆ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತಿಲ್ಲ. ಯಾಕೆಂದು ಕೇಳುವುದಿಲ್ಲ ನಾನು.

ಬುಧವಾರ ಭಾವನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ. ನಾನೇ ಕೇಳಿ ತೆಗೆದುಕೊಂಡದ್ದು. ನಾಲ್ಕು ಗಂಟೆ ಅವರ ಹಾಸಿಗೆಯ ಪಕ್ಕ ಕೂತಿರುತ್ತೇನೆ. ಯಂತ್ರ ತಿರುಗುತ್ತಿರುತ್ತದೆ, ಕೊಳವೆಯಲ್ಲಿ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿರುತ್ತದೆ. ಅವರು ದಾದಿಯರಿಗೆ ಬಸ್ಸಿನ ಕಥೆಗಳನ್ನು ಹೇಳಿ ನಗಿಸುತ್ತಾರೆ. ಮೊದಲ ನಾಲ್ಕೈದು ತಿಂಗಳು ನನ್ನ ಜೊತೆ ಆ ವಿಷಯ ಎತ್ತಲೇ ಇಲ್ಲ. ಆಮೇಲೊಂದು ಬುಧವಾರ ಇದ್ದಕ್ಕಿದ್ದಂತೆ, "ಎಡಚಿ, ಅವತ್ತು ನಿಜವಾಗಿ ಆಗಿದ್ದೇನು? ನಿಮ್ಮಕ್ಕ ಹೇಳಿದ್ದು ನನಗೆ ತಲೆಗೆ ಹೋಗಲಿಲ್ಲ," ಅಂದರು.

ಬಸ್ಸಿನ ಸೀಟಿನ ಲೆಕ್ಕದಲ್ಲೇ ಹೇಳಿದೆ. ಕಂಡಕ್ಟರ್ ಸೀಟು ಎಣಿಸುತ್ತಾ ಬರುತ್ತಿದ್ದಾನೆ. ನಾಲ್ಕನೆಯ ಸೀಟಿನವರನ್ನು ಎಬ್ಬಿಸಿ ಇಳಿಸಿದ. ಹಿಂದಿನವರೆಲ್ಲ ಒಂದೊಂದು ಸೀಟು ಮುಂದೆ ಬಂದರು. ಐದನೆಯವರು ನಾಲ್ಕರಲ್ಲಿ ಕೂತರು. ಕಂಡಕ್ಟರ್ ನಾಲ್ಕು ಆಯಿತೆಂದು ಐದಕ್ಕೆ ಹೋದ.

ಭಾವ ಮನಸ್ಸಿನಲ್ಲೇ ಸೀಟು ಎಣಿಸಿ ನೋಡುತ್ತಿದ್ದರು. ತುಟಿ ಅಲುಗುತ್ತಿತ್ತು.

"ಅಷ್ಟೇನಾ?" ಅಂದರು.

"ಅಷ್ಟೇ ಭಾವ."

ಅವರು ನನ್ನನ್ನೇ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸಣ್ಣದೇ ಎಂಬ ದಿಗ್ಭ್ರಮೆ ಮಾತ್ರ ಇತ್ತು, ಬಾಯಿ ತುಸು ತೆರೆದೇ ಇತ್ತು. ಹೇಳಲು ಏನೋ ಹುಡುಕಿದರು. ತಮಾಷೆಯೂ ಸಿಗಲಿಲ್ಲ. ದಾದಿ ಬಂದು ರಕ್ತದೊತ್ತಡ ನೋಡಿ ಬರೆದುಕೊಂಡು ಹೋದಳು. ನಾನು ಅವರ ಹೊದಿಕೆಯನ್ನು ಪಾದದವರೆಗೆ ಎಳೆದು ಸರಿಮಾಡಿದೆ. ಇನ್ನೂ ಎರಡು ಗಂಟೆ ಬಾಕಿ ಇತ್ತು.